ವೈದ್ಯ ವಿದ್ಯಾರ್ಥಿಗೆ ಊರೂ ಒಂದು ಪಾಠಶಾಲೆ

ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮ ಹಿರಿಯರು ಕೊಟ್ಟ ಸ್ಥಾನವನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಪೂಜ್ಯಪಾದರ ಹೆಸರಿನಲ್ಲಿ ಬಂದ ಇನ್ನೊಂದು 'ಕಲ್ಯಾಣಕಾರಕ'ವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ನಮ್ಮ ಈ ಗಡಿ ಸೀಮೆಗೆ ದೂರದ್ದೇನಲ್ಲ. 'ಕವಿರಾಜಮಾರ್ಗ' ಹೇಳುವ ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿಯಾದ್ದರಿಂದ ಉಮರ್ಗಾ, ನಿಲಂಗಾ, ಉದಗೀರ ಎಲ್ಲವೂ ಆ ನಾಡಿನೊಳಗೇ ಬರುತ್ತವೆ.

ಹಿಂದಿನ ವೈದ್ಯ ಗುರುವಿನ ಮನೆಯಲ್ಲಿದ್ದು, ಊರಿನ ನಡುವೆ ಓಡಾಡಿ ವಿದ್ಯೆ ಕಲಿತನು. ಇಂದಿನವನು ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಯುತ್ತಾನೆ. ಅವನ ಕಣ್ಣಿಗೆ ಬೀಳುವುದು ಹಾಸಿಗೆ ಹಾಗೂ ಅದರ ನಂಬರು. ಆ ಹಾಸಿಗೆಯ ಮೇಲಿನ ಮನುಷ್ಯ ಯಾವ ಊರಿನವನು, ಬರುವುದಕ್ಕೆ ಎಷ್ಟು ದಿನ ತಡ ಮಾಡಿದ, ಯಾಕೆ ಮಾಡಿದ, ಬಸ್ಸಿನ ಹಣ ಯಾರ ಹತ್ತಿರ ತಂದ, ಬರೆದುಕೊಟ್ಟ ಗುಳಿಗೆಯನ್ನು ಊರಿಗೆ ಹೋದ ಮೇಲೆ ನುಂಗಿದನೋ ಇಲ್ಲವೋ, ಇವು ಯಾವುವೂ ಅವನಿಗೆ ತಿಳಿಯುವುದಿಲ್ಲ. ಐದೂವರೆ ವರ್ಷ ಓದಿ ಹೊರಗೆ ಬಂದ ಎಷ್ಟೋ ತರುಣ ವೈದ್ಯರು ಹಳ್ಳಿಯೆಂದರೆ ಹಿಂಜರಿಯುತ್ತಾರೆ. ಅವರಿಗೆ ಸೇವಾಭಾವ ಇಲ್ಲವೆಂದು ನಾವು ಬೈಯುವುದುಂಟು. ಆದರೆ ಹಳ್ಳಿಯ ಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟದವನು ಅಲ್ಲಿ ಹೋಗಿ ನೆಲೆಸಬೇಕೆಂದು ಬಯಸುವುದು ಯಾವ ನ್ಯಾಯ?

ಈ ಪ್ರಶ್ನೆ ಈಗ ನಮ್ಮ ಮನೆ ಬಾಗಿಲಿಗೇ ಬಂದಿದೆ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲೆ, ಉಮರ್ಗಾ ತಾಲೂಕಿನ ತುರೋರಿಯಂಥ ಊರನ್ನು ತೆಗೆದುಕೊಳ್ಳಿ. ಕಾಗದ ಪತ್ರವೆಲ್ಲ ಮರಾಠಿ. ಎಷ್ಟೋ ಮನೆಗಳೊಳಗೆ ಮಾತು ಕನ್ನಡ. ಪೇಟೆಯಲ್ಲಿ ಎರಡೂ ನಡೆಯುತ್ತವೆ, ಜೊತೆಗೆ ದಖನಿಯೂ ಉಂಟು. ಕಾಯಿಲೆ ದೊಡ್ಡದಾದರೆ ಒಬ್ಬರು ಸೊಲ್ಲಾಪುರಕ್ಕೆ, ಒಬ್ಬರು ಲಾತೂರಿಗೆ, ಇನ್ನೊಬ್ಬರು ಕಲಬುರಗಿಗೆ ಹೊರಡುತ್ತಾರೆ. ಜಿಲ್ಲಾ ಕೇಂದ್ರವಾದ ಧಾರಾಶಿವದಲ್ಲಿ, ಅಂದರೆ ಹಿಂದಿನ ಉಸ್ಮಾನಾಬಾದಿನಲ್ಲಿ, 2022ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಅದೇ ಹೊತ್ತಿಗೆ ದಿಲ್ಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗವು ದೇಶದ ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೂ 'ಕುಟುಂಬ ದತ್ತು ಕಾರ್ಯಕ್ರಮ'ವನ್ನು ಕಡ್ಡಾಯ ಮಾಡಿತು.

ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇಲ್ಲಿ ಯಾರೂ ಯಾರ ಮಗನೂ ಆಗುವುದಿಲ್ಲ, ಆಸ್ತಿಯ ಮಾತೂ ಇಲ್ಲ. ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿಗೆ ಒಂದು ಹಳ್ಳಿಯ ಕೆಲವು ಕುಟುಂಬಗಳನ್ನು, ಕನಿಷ್ಠ ಮೂರು, ಸಾಧ್ಯವಾದರೆ ಐದು, ಒಪ್ಪಿಸುತ್ತಾರೆ. ಮೂರು ವರ್ಷಗಳ ಕಾಲ ಅವನು ಆ ಮನೆಗಳಿಗೇ ಮತ್ತೆ ಮತ್ತೆ ಬರಬೇಕು. ಮೊದಲು ಪರಿಚಯ, ಮನೆಯವರ ವಯಸ್ಸು, ಊಟ, ನೀರು, ಒಲೆ, ಶೌಚಾಲಯದ ವಿವರ. ಮುಂದೆ ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ, ಮಕ್ಕಳ ತೂಕ, ಲಸಿಕೆ. ಕಾಯಿಲೆ ಕಂಡುಬಂದರೆ ತನ್ನ ಕಾಲೇಜಿನ ಆಸ್ಪತ್ರೆಗೆ ದಾರಿ ತೋರಿಸಬೇಕು. ಅವನು ಇನ್ನೂ ವೈದ್ಯನಲ್ಲ, ಔಷಧ ಬರೆದುಕೊಡುವ ಅಧಿಕಾರ ಅವನಿಗಿಲ್ಲ ಎಂಬುದನ್ನು ಮನೆಯವರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಷ್ಟವಿಲ್ಲದಿದ್ದರೆ 'ಬೇಡಪ್ಪ' ಎನ್ನುವ ಹಕ್ಕೂ ಅವರಿಗಿದೆ.

ಇಂಥ ಯೋಚನೆ ಇದೇ ಮೊದಲೇನಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿಯೇ, ಭೋರ್ ಸಮಿತಿಯು ಸಮಾಜವನ್ನು ಬಲ್ಲ ವೈದ್ಯರು ಬೇಕೆಂದು ವರದಿ ಕೊಟ್ಟಿತ್ತು. 1975ರಲ್ಲಿ ಶ್ರೀವಾಸ್ತವ ಸಮಿತಿಯು ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿತು. 1977ರಲ್ಲಿ ಪ್ರತಿ ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಹಿಸಿಕೊಳ್ಳಬೇಕೆಂಬ ಯೋಜನೆ ಬಂದು, ಅದಕ್ಕಾಗಿ ದೊಡ್ಡ ದೊಡ್ಡ ಸಂಚಾರಿ ಆಸ್ಪತ್ರೆ ವಾಹನಗಳೂ ಬಂದವು. ಆ ವಾಹನಗಳು ನಮ್ಮ ಹಳ್ಳಿಯ ರಸ್ತೆಗಳಿಗೆ ಒಗ್ಗಲಿಲ್ಲ, ಬಹಳಷ್ಟು ಕಡೆ ಕಾಲೇಜಿನ ಅಂಗಳದಲ್ಲೇ ನಿಂತುಬಿಟ್ಟವು. ಯೋಜನೆ ಮೇಲಿನಿಂದ ಬಂತು, ಊರಿನವರನ್ನು ಯಾರೂ ಕೇಳಲಿಲ್ಲ. ಸರಕು ತಂದವನು ಗಿರಾಕಿಗೆ ಏನು ಬೇಕೆಂದು ವಿಚಾರಿಸದಿದ್ದರೆ ಅಂಗಡಿ ಹೇಗೆ ನಡೆಯುವುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕೆ?

ಕೇಳಿ ಮಾಡಿದ ಕಡೆ ಏನಾಯಿತೆಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ಉದಾಹರಣೆಗಳಿವೆ. ವರ್ಧಾದ ಸೇವಾಗ್ರಾಮದಲ್ಲಿ ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರಲ್ಲಿ, ಡಾ. ಸುಶೀಲಾ ನಯ್ಯರ್ ಅವರು ಮಹಾತ್ಮಾ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಸೇರಿದ ಹುಡುಗ ಹುಡುಗಿಯರು ಖಾದಿ ಉಡಬೇಕು. ಮೊದಲಿಗೆ ಗಾಂಧೀಜಿಯವರ ಆಶ್ರಮದಲ್ಲಿ ಕೆಲವು ದಿನ ಇದ್ದು ಅಲ್ಲಿಯ ಶಿಸ್ತನ್ನು ಪಾಲಿಸಬೇಕು. ಆಮೇಲೆ ಇಡೀ ತಂಡ ಒಂದು ಹಳ್ಳಿಯಲ್ಲಿ ಸುಮಾರು ಹದಿನೈದು ದಿನ ಬೀಡುಬಿಡುತ್ತದೆ. ಒಬ್ಬೊಬ್ಬರಿಗೆ ನಾಲ್ಕೈದು ಮನೆ. ಬಿಡಾರ ಎತ್ತಿದ ಮೇಲೂ ಆ ಮನೆಗಳ ನಂಟು ತಪ್ಪುವುದಿಲ್ಲ, ಮುಂದಿನ ವರ್ಷಗಳಲ್ಲಿ ನಿಯಮಿತವಾಗಿ ಹೋಗಿ ಬರಬೇಕು. ದೇಶಕ್ಕೆಲ್ಲ 2022ರಲ್ಲಿ ಬಂದ ನಿಯಮವನ್ನು ಸೇವಾಗ್ರಾಮ ದಶಕಗಳ ಮೊದಲೇ ಆಚರಣೆಗೆ ತಂದಿತ್ತು.

ನಮ್ಮ ವ್ಯಾಪಾರಿ ಬುದ್ಧಿಗೆ ಹೆಚ್ಚು ಹಿಡಿಸುವುದು ಅಲ್ಲಿಯ ಜೋಳದ ವಿಮೆ. ಡಾ. ಉಲ್ಹಾಸ ಜಾಜೂ ಅವರು ಸುತ್ತಣ ಹಳ್ಳಿಗಳಲ್ಲಿ ಇದನ್ನು ಬೆಳೆಸಿದರು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ತಮ್ಮ ಶಕ್ತಿಗೆ ತಕ್ಕಷ್ಟು ಜೋಳವನ್ನು ಊರಿನ ನಿಧಿಗೆ ಕೊಡುತ್ತಾರೆ. ಹೊಲ ಹೆಚ್ಚಿದ್ದವನು ಹೆಚ್ಚು, ಕೂಲಿಯವನು ಕಡಿಮೆ. ಆದರೆ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಸೌಲಭ್ಯ. ಊರಿನ ಮುಕ್ಕಾಲು ಪಾಲು ಮನೆಗಳಾದರೂ ಸೇರಬೇಕೆಂಬುದು ಷರತ್ತು, ಏಕೆಂದರೆ ರೋಗಿಷ್ಟರಷ್ಟೇ ಸೇರಿದರೆ ನಿಧಿ ಉಳಿಯದು. ಹಠಾತ್ತಾಗಿ ಬಂದ ಕಾಯಿಲೆಗೆ ಆಸ್ಪತ್ರೆಯಲ್ಲಿ ಖರ್ಚಿಲ್ಲ. ಮೊದಲೇ ತಿಳಿದಿರುವ ಹೆರಿಗೆ, ಕಣ್ಣಿನ ಪೊರೆಯಂಥವಕ್ಕೆ ಒಂದು ಪಾಲನ್ನು ತಾವೇ ಭರಿಸಬೇಕು. ಇದರ ಲಾಭ ಊರಿಗಷ್ಟೇ ಅಲ್ಲ. ಜೋಳ ಕೊಟ್ಟವನು ಲೆಕ್ಕ ಕೇಳುತ್ತಾನೆ. 'ಹೋದ ತಿಂಗಳು ಯಾಕೆ ಬರಲಿಲ್ಲ?' ಎಂದು ಊರ ಸಭೆಯಲ್ಲಿ ರೈತನೊಬ್ಬ ವೈದ್ಯನನ್ನು ಕೇಳುವುದನ್ನು ವಿದ್ಯಾರ್ಥಿ ಕಣ್ಣಾರೆ ನೋಡುತ್ತಾನೆ. ಅಂಥ ಪಾಠ ಯಾವ ಪುಸ್ತಕದಲ್ಲೂ ಸಿಗದು.

ನಮ್ಮ ಕರ್ನಾಟಕದಲ್ಲಿಯೂ ಇದಕ್ಕೆ ಹತ್ತಿರದ ಪ್ರಯೋಗ ನಡೆದಿದೆ. ಆಗ ಕೋಲಾರ ಜಿಲ್ಲೆಯಲ್ಲಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಶಿಡ್ಲಘಟ್ಟ ತಾಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಹಾಲು ಉತ್ಪಾದಕರ ಸಹಕಾರಿ ಸಂಘವು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನೊಡನೆ ಕೈಜೋಡಿಸಿತು. ಹಾಲಿನ ಹಣದಲ್ಲಿ ಲೀಟರಿಗೆ ಕೆಲವು ಪೈಸೆ ಮುರಿದು ಆರೋಗ್ಯ ಕೇಂದ್ರಕ್ಕೆ ಕೊಟ್ಟರು. ಕಾಲೇಜು ತನ್ನ ತರುಣ ವೈದ್ಯರನ್ನು ಅಲ್ಲಿ ತರಬೇತಿಗೆ ಕಳಿಸಿತು. ಹಾಲು ಹಾಕುವ ರೈತನೇ ದವಾಖಾನೆಯ ಯಜಮಾನನಾದನು.

ಇನ್ನು ಜಾಮಖೇಡ. ಡಾ. ರಜನೀಕಾಂತ ಆರೋಳೆ ಹಾಗೂ ಡಾ. ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಬರಗಾಲದ ಆ ತಾಲೂಕಿಗೆ ಬಂದು ಕೂತರು. ಅಕ್ಷರ ಬಾರದ, ಎಷ್ಟೋ ಸಲ ಅಸ್ಪೃಶ್ಯರೆಂದು ದೂರವಿಟ್ಟ ಹೆಣ್ಣುಮಕ್ಕಳನ್ನು ಊರಿನವರಿಂದಲೇ ಆರಿಸಿ, ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. 1971ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1990ರ ದಶಕದ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿತ್ತು. 1979ರಲ್ಲಿ ದಂಪತಿಗಳಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಾವು ಇಲ್ಲಿ ಎತ್ತಿ ಹೇಳಬೇಕೆಂದಿರುವುದು ಬೇರೆ ಮಾತು. ದೇಶ ವಿದೇಶಗಳಿಂದ ಜಾಮಖೇಡಕ್ಕೆ ಕಲಿಯಲು ಬಂದ ವೈದ್ಯರಿಗೆ ಪಾಠ ಹೇಳಿದವರು ಈ ಹೆಣ್ಣುಮಕ್ಕಳೇ. ಬಾಣಂತಿಯ ಮನೆಯೊಳಗೆ ಹೇಗೆ ಕಾಲಿಡಬೇಕು, ಅತ್ತೆಯ ಎದುರಿಗೆ ಸೊಸೆಯನ್ನು ಏನು ಕೇಳಬಾರದು, ಇದನ್ನು ಹೇಳಿಕೊಡಲು ಎಂ.ಡಿ. ಪದವಿ ಸಾಲದು.

ಇನ್ನೂ ಹತ್ತಿರದ್ದು ಅಣದೂರು. ತುರೋರಿಯಿಂದ ಸೊಲ್ಲಾಪುರದ ಕಡೆಗೆ ಅದೇ ಹೆದ್ದಾರಿ ಹಿಡಿದರೆ ನಳದುರ್ಗದ ಬಳಿ ಸಿಗುವ ಊರು. ಔರಂಗಾಬಾದಿನಲ್ಲಿ ವೈದ್ಯಕೀಯ ಓದುವಾಗಲೇ ಒಂದುಗೂಡಿದ ಗೆಳೆಯರ ಬಳಗದಿಂದ ಹುಟ್ಟಿದ ಹ್ಯಾಲೋ ಮೆಡಿಕಲ್ ಫೌಂಡೇಶನ್ ಅಲ್ಲಿ ನೆಲೆಯೂರಿತು. ಡಾ. ಶಶಿಕಾಂತ ಅಹಂಕಾರಿಯವರು ಅದರ ಮುಂದಾಳು. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಅವರಿಗೆ 'ಭಾರತ ವೈದ್ಯ' ಎಂದು ಹೆಸರಿಟ್ಟರು. ಸರಕಾರದ ಆಶಾ ಕಾರ್ಯಕರ್ತೆಯರು ಬಂದದ್ದು 2005ರ ನಂತರ.

1993ರ ಸೆಪ್ಟೆಂಬರ್ 30ರ ನಸುಕನ್ನು ಈ ಸೀಮೆಯ ಯಾವ ಮನೆಯೂ ಮರೆತಿಲ್ಲ. ನಮ್ಮಲ್ಲಿ ದಶಲಕ್ಷಣ ಪರ್ವ ಮುಗಿದಿತ್ತು, ಊರುಗಳಲ್ಲಿ ಗಣಪತಿ ಕಳಿಸಿ ಬಂದವರು ಆಗಷ್ಟೇ ಮಲಗಿದ್ದರು. ನಾಲ್ಕು ಗಂಟೆಗೆ ಕೆಲವು ನಿಮಿಷ ಮೊದಲು ಕಿಲ್ಲಾರಿಯ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಎಂಟು ಸಾವಿರ ಜನ ಕಲ್ಲುಮಣ್ಣಿನ ಗೋಡೆಗಳ ಅಡಿಯಲ್ಲಿ ಸತ್ತರು. ಭಾರತೀಯ ಜೈನ ಸಂಘಟನೆಯ ಶ್ರೀ ಶಾಂತಿಲಾಲ ಮುಥಾ ಅವರು ಈ ಭಾಗದ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿದ ಸಂಗತಿ ಸಮಾಜಕ್ಕೆ ಹೆಮ್ಮೆಯದು. ಆ ದಿನಗಳು ಕಲಿಸಿದ ಇನ್ನೊಂದು ಸಂಗತಿಯುಂಟು. ಹೊರಗಿನಿಂದ ಎಷ್ಟೇ ವೈದ್ಯರು ಬಂದರೂ ಯಾವ ಮನೆಯಲ್ಲಿ ಎಷ್ಟು ಜನರಿದ್ದರು, ಯಾರು ಗರ್ಭಿಣಿ, ಯಾರಿಗೆ ದಿನಾ ಗುಳಿಗೆ ಬೇಕು ಎಂಬುದು ಗೊತ್ತಿರುವುದು ಊರಿನವರಿಗೆ ಮಾತ್ರ. ಊರನ್ನು ಮೊದಲೇ ಬಲ್ಲ ವೈದ್ಯನೊಬ್ಬ ಇದ್ದರೆ ಇಂಥ ಹೊತ್ತಿನಲ್ಲಿ ಅವನಿಗಿರುವ ಬೆಲೆಯೇ ಬೇರೆ.

ಹೊರದೇಶಗಳಲ್ಲಿ ಕೆಲವರು ಇನ್ನೂ ಮುಂದೆ ಹೋಗಿದ್ದಾರೆ. ಫಿಲಿಪ್ಪೀನ್ಸಿನ ಲೇಟೆ ದ್ವೀಪದಲ್ಲಿ 1976ರಲ್ಲಿ ಆರಂಭವಾದ ಆರೋಗ್ಯ ವಿಜ್ಞಾನ ಶಾಲೆಗೆ ವಿದ್ಯಾರ್ಥಿಯನ್ನು ಆರಿಸಿ ಕಳಿಸುವುದು ಊರೇ. ಅವನು ಮೊದಲು ಸೂಲಗಿತ್ತಿಯ ಕೆಲಸ ಕಲಿತು, ಆಮೇಲೆ ನರ್ಸಿಂಗ್, ಕೊನೆಗೆ ವೈದ್ಯ ಪದವಿಗೆ ಏರುತ್ತಾನೆ. ನಡುನಡುವೆ ಊರಿಗೆ ಮರಳಿ ಸೇವೆ ಮಾಡಬೇಕು. ನಮ್ಮಲ್ಲಿ ನೀಟ್ ಅಂಕಪಟ್ಟಿಯ ಕಾಲದಲ್ಲಿ ಅದು ನಡೆಯುವ ಮಾತಲ್ಲ. ಆದರೆ ವಿದ್ಯಾರ್ಥಿಯನ್ನು ಆರಿಸಲಾರದ ಊರು, ಬಂದವನಿಗೆ ಕಲಿಸಬಹುದಲ್ಲ?

ಏನು ಕಲಿಸಬೇಕು? ಮೊದಲನೆಯದು ಮಾತು. ಸರಕಾರಿ ಕಾಲೇಜಿನ ನೂರಕ್ಕೆ ಹದಿನೈದು ಸೀಟುಗಳು ಅಖಿಲ ಭಾರತ ಕೋಟಾದವು. ಅಂಥ ಹುಡುಗ ಕೇರಳದವನಿರಬಹುದು, ರಾಜಸ್ಥಾನದವನಿರಬಹುದು. ಅವನಿಗೆ ಕಾಲೇಜಿನಲ್ಲಿ ಸ್ಥಳೀಯ ಭಾಷೆಯೆಂದು ಸ್ವಲ್ಪ ಮರಾಠಿ ಕಲಿಸುತ್ತಾರೆ. ಗಡಿಯ ಮನೆಯೊಳಗಿನ ಮುದುಕಿ 'ಎದಿ ಡವಡವ ಅಂತದ, ಕಣ್ಣಿಗಿ ಕತ್ತಲಿ ಬರ್ತದ, ಕೈಕಾಲು ಜುಮ್ ಅಂತಾವ' ಎಂದರೆ ಅವನು ಏನು ಬರೆದುಕೊಂಡಾನು? ಮನೆಯ ಮೊಮ್ಮಗ ಮರಾಠಿಗೆ ತಿರುಗಿಸಿ ಹೇಳುವಾಗ ಮೂರು ಮಾತು ಒಂದಾಗುತ್ತದೆ, 'ಅಜ್ಜಿಗೆ ಅಶಕ್ತಿ' ಎಂದು. ಅಶಕ್ತಿಗೆ ಟಾನಿಕ್ ಬಂದು, ಹೃದಯದ ತೊಂದರೆ ಹಾಗೆಯೇ ಉಳಿಯುತ್ತದೆ. ಅದೇ ಹುಡುಗ ನಾಲ್ಕನೆಯ ಸಲ ಬಂದಾಗ ಅಜ್ಜಿ 'ಕೂಡ್ರು ಯಪ್ಪಾ, ಚಾ ಕುಡಿ' ಎಂದು ಮಾತಿಗೆ ತೊಡಗಿದರೆ, ಅವನಿಗೆ 'ಡವಡವ'ದ ಅರ್ಥ ತಾನಾಗಿ ಹೊಳೆಯುತ್ತದೆ.

ಎರಡನೆಯದು ನಮ್ಮ ಆಚಾರ. ಇದನ್ನು ಹೊರಗಿನವರು ಊಹಿಸಲಾರರು. ಸಕ್ಕರೆ ಕಾಯಿಲೆಯ ಶ್ರಾವಕರೊಬ್ಬರು ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುತ್ತಾರೆ. ವೈದ್ಯರ ಚೀಟಿಯಲ್ಲಿ 'ರಾತ್ರಿ ಊಟಕ್ಕೆ ಮುಂಚೆ' ಎಂದಿರುತ್ತದೆ. ಅವರು ಗುಳಿಗೆಯನ್ನು ಯಾವಾಗ ನುಂಗಬೇಕು? ಪರ್ವದಲ್ಲಿ ಉಪವಾಸವಿದ್ದು ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಪೂರ್ತಿ ಬಿಟ್ಟರೂ ಅಪಾಯವೇ. ಪರ್ವಕ್ಕೆ ಮುಂಚೆಯೇ ವೈದ್ಯರನ್ನು ಕಂಡು ಪ್ರಮಾಣ ಬದಲಿಸಿಕೊಳ್ಳುವುದು ಸರಿಯಾದ ದಾರಿ. ಆದರೆ ಕೇಳಬೇಕೆಂದು ರೋಗಿಗೆ ತೋಚುವುದಿಲ್ಲ, ಹೇಳಬೇಕೆಂದು ವೈದ್ಯರಿಗೆ ಗೊತ್ತಿರುವುದಿಲ್ಲ. ಕ್ಯಾಪ್ಸೂಲಿನ ಹೊರಗಣ ಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಟಿನ್ನಿನದು. ಅದು ತಿಳಿದ ಅಮ್ಮಂದಿರು ವೈದ್ಯರ ಎದುರಿಗೆ ಹೂಂಗುಟ್ಟಿ ಮನೆಯಲ್ಲಿ ಸುಮ್ಮನೆ ಎತ್ತಿಟ್ಟುಬಿಡುತ್ತಾರೆ. ಅದೇ ಔಷಧ ಎಷ್ಟೋ ಸಲ ಗುಳಿಗೆಯ ರೂಪದಲ್ಲಿ ಸಿಗುತ್ತದೆಂಬುದು ಇಬ್ಬರ ನಡುವೆ ಮಾತಾಗುವುದೇ ಇಲ್ಲ. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರು ಕಡಿಮೆ ಮಾಡಿದ ಹಿರಿಯರಲ್ಲಿ, ಬಿ-12 ಜೀವಸತ್ವದ ಕೊರತೆ ಕೈಕಾಲು ಜೋಮು ಹಿಡಿಸುವುದುಂಟು. ಇನ್ನು ಸಲ್ಲೇಖನದ ವಿಷಯ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಅದನ್ನು ಅಪರಾಧವೆಂದಿತು, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ದೇಹ ಬಿಟ್ಟ ಕುಂಥಲಗಿರಿ ಇದೇ ಧಾರಾಶಿವ ಜಿಲ್ಲೆಯಲ್ಲಿದೆ. ಅಲ್ಲಿಯೇ ಓದುವ ವಿದ್ಯಾರ್ಥಿ ಒಂದು ಶ್ರಾವಕರ ಮನೆಯಲ್ಲಿ ಕೂತು ಅದರ ಮಾತು ಕೇಳಿದ್ದರೆ, ನಾಳೆ ವೃದ್ಧರೊಬ್ಬರ ಹಾಸಿಗೆಯ ಬಳಿ ನಿಂತಾಗ ಅವನ ಮಾತಿನಲ್ಲಿ ಒಂದು ಮರ್ಯಾದೆ ಇರುತ್ತದೆ.

ಮೂರನೆಯದು ನಮ್ಮ ಅಂಗಡಿ. ಕಿರಾಣಿ ಅಂಗಡಿಯ ಉದ್ರಿ ವಹಿ ಓದಲು ಬರುವವನಿಗೆ ಊರಿನ ಆರೋಗ್ಯದ ವಹಿಯೂ ಹೌದು. ಯಾವ ಮನೆಯ ಬಾಕಿ ಒಮ್ಮೆಗೇ ಏರಿತೆಂದರೆ ಆ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದಾರೆ. ಬೇಳೆ ಎಣ್ಣೆ ಒಯ್ಯುತ್ತಿದ್ದವರು ಬರೀ ಹಿಟ್ಟು ಮೆಣಸಿನಪುಡಿಗೆ ಇಳಿದರೆ ಕೂಸಿನ ತೂಕ ಇಳಿಯುತ್ತದೆ. ಅಡತಿ ಅಂಗಡಿಯವರಿಗಂತೂ ತೊಗರಿ ಬರುವ ಮೊದಲೇ ಮುಂಗಡ ಕೇಳಲು ಬಂದ ರೈತನ ಮುಖ ನೋಡಿದರೆ ಸಂಗತಿ ತಿಳಿಯುತ್ತದೆ. ಹೆಸರು ಹೇಳಿ ಯಾರ ಗುಟ್ಟನ್ನೂ ಬಿಚ್ಚುವುದು ಬೇಡ, ಅದು ವ್ಯಾಪಾರಧರ್ಮವೂ ಅಲ್ಲ. ಕಾಯಿಲೆಯೊಂದು ಮನೆತನವನ್ನು ಹೇಗೆ ಸಾಲಕ್ಕೆ ತಳ್ಳುತ್ತದೆಂದು ಅರ್ಧ ಗಂಟೆ ಕೂತು ವಿದ್ಯಾರ್ಥಿಗೆ ಹೇಳಿದರೆ ಸಾಕು. ಮುಂದೆ ದುಬಾರಿ ಔಷಧ ಬರೆಯುವಾಗ ಅವನ ಲೇಖನಿ ಒಂದು ಕ್ಷಣ ತಡೆದೀತು.

ಸಮಾಜದ ಟ್ರಸ್ಟುಗಳು ನಡೆಸುವ ಒಂದು ದಿನದ ಉಚಿತ ಶಿಬಿರಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕಾಗಿದೆ. ಕಣ್ಣಿನ ಪೊರೆಯ ಶಿಬಿರದಿಂದ ಆಗುವ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ತದೊತ್ತಡ ನೋಡಿ ಹತ್ತು ದಿನದ ಗುಳಿಗೆ ಕೈಗಿಟ್ಟು, ಹಾರ ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಬಂದರೆ ಹನ್ನೊಂದನೆಯ ದಿನ ಆ ರೋಗಿ ಎಲ್ಲಿಗೆ ಹೋಗಬೇಕು? ರಕ್ತದೊತ್ತಡದ ಗುಳಿಗೆ ದಿನಾ ನುಂಗುವಂಥದು, ಬಹುಮಟ್ಟಿಗೆ ಜೀವಮಾನವಿಡೀ. ಆ ಹಣದ ಒಂದು ಪಾಲಿನಲ್ಲಿ ಒಂದು ಊರಿನ ಐವತ್ತು ಮನೆಗಳ ಗುಳಿಗೆಯ ಹೊಣೆಯನ್ನು ವರ್ಷವಿಡೀ ಹೊರಬಹುದು. ನುಂಗಿದರೋ ಇಲ್ಲವೋ ಎಂದು ನೋಡಿ ಬರುವ ಕೆಲಸಕ್ಕೆ ದತ್ತು ಪಡೆದ ವಿದ್ಯಾರ್ಥಿಗಳು ಹೇಗೂ ಇದ್ದಾರೆ. ಹೀಗೆ ಹೇಳಿದರೆ ಕೆಲವು ದಾನಿಗಳಿಗೆ ಅಸಮಾಧಾನವಾಗಬಹುದು. ಆದರೂ ಔಷಧದಾನವೆಂದರೆ ರೋಗಿಯ ಹೊಟ್ಟೆಗೆ ಹೋದ ಔಷಧವೆಂದೇ ನಮ್ಮ ಭಾವನೆ.

ಊರು ವೈದ್ಯನಿಗೆ ಕೊಡುವ ಮೊಟ್ಟಮೊದಲ ಪಾಠ ದೇಹದಾನ. ಮೊದಲ ವರ್ಷದ ಅಂಗರಚನಾ ಶಾಸ್ತ್ರಕ್ಕೆ ಅದಿಲ್ಲದೆ ನಡೆಯದು. 2010ರಲ್ಲಿ ಬೆಳಗಾವಿಯಲ್ಲಿ ಆಯುರ್ವೇದ ಕಾಲೇಜಿನ ಶಿಕ್ಷಕರೊಬ್ಬರು ವೈದ್ಯರಾಗಿದ್ದ ತಮ್ಮ ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾವೇ ಛೇದಿಸಿ ಪಾಠ ಹೇಳಿದರು. ಎಲ್ಲರಿಗೂ ಅಂಥ ಎದೆಗಾರಿಕೆ ಬಾರದು, ಬರಬೇಕಾಗಿಯೂ ಇಲ್ಲ. ಇಚ್ಛೆಯನ್ನು ಬದುಕಿರುವಾಗಲೇ ಬರೆದಿಟ್ಟು ಮಕ್ಕಳಿಗೆ ತಿಳಿಸಿರಬೇಕಷ್ಟೆ.

ಈಗ ನಮ್ಮ ಮನೆಯ ಮಕ್ಕಳ ಮಾತು. ಮಗ ವೈದ್ಯನಾಗಬೇಕೆಂದು ಎಷ್ಟೋ ತಂದೆ ತಾಯಿಗಳು ಅಂಗಡಿಯ ಬಂಡವಾಳವನ್ನೇ ತೆಗೆದು ಖಾಸಗಿ ಕಾಲೇಜಿಗೆ ಸುರಿಯುತ್ತಾರೆ. ಅದೇ ಮಗ ಹಳ್ಳಿ ಭೇಟಿಗೆ ಹೋಗಬೇಕೆಂದ ದಿನ 'ಬಿಸಿಲಾಗ ಯಾಕ ಹೋಗ್ತಿ, ಸಹಿ ಒಂದ ಹಾಕಿಸ್ಕೊಂಡು ಬಾ' ಎಂದು ಫೋನಿನಲ್ಲಿ ಹೇಳುವವರೂ ಅವರೇ. ನೀರು ಎಲ್ಲಿಯದೋ, ಊಟ ಎಂಥದೋ ಎಂಬ ಚಿಂತೆ ತಾಯಿಗೆ ಸಹಜ. ಸೋಸಿ ಕಾಯಿಸಿದ ನೀರನ್ನು ಜೊತೆಗೆ ಕಟ್ಟಿಕೊಟ್ಟರೆ ಆಯಿತು. ಮನೆಗೆ ಹೋಗದೆ ಕೊಠಡಿಯಲ್ಲಿ ಕೂತು ಐದು ಮನೆಗಳ ರಕ್ತದೊತ್ತಡ ಬರೆದು ತುಂಬಿದ ವಹಿ, ವ್ಯಾಪಾರದಲ್ಲಿ ಸುಳ್ಳು ಲೆಕ್ಕ ಬರೆದಂತೆಯೇ. ಇಲ್ಲಿ ಸತ್ಯವ್ರತದ ಜೊತೆಗೆ ಒಬ್ಬರ ಜೀವವೂ ತೂಗುತ್ತಿರುತ್ತದೆ.

ಗಡಿಯ ಊರುಗಳಲ್ಲಿರುವ ನಮ್ಮ ಬಂಧುಗಳು ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ಪ್ರತಿ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗವೊಂದಿರುತ್ತದೆ, ಹಳ್ಳಿ ಗೊತ್ತುಮಾಡುವವರು ಅವರೇ. ಗ್ರಾಮ ಪಂಚಾಯಿತಿಯ ಠರಾವು ಮಾಡಿಸಿ, 'ನಮ್ಮ ಊರಿಗೂ ವಿದ್ಯಾರ್ಥಿಗಳನ್ನು ಕಳಿಸಿರಿ' ಎಂದು ಆ ವಿಭಾಗದ ಮುಖ್ಯಸ್ಥರಿಗೆ ಸರಪಂಚರ ಸಹಿಯೊಡನೆ ಪತ್ರ ಬರೆಯಬಹುದು. ಧರ್ಮಶಾಲೆಯ ಒಂದು ಕೋಣೆ, ಕುಡಿಯುವ ನೀರು, ಮಧ್ಯಾಹ್ನದ ಊಟ, ಹೆಣ್ಣುಮಕ್ಕಳಿಗೆ ಶೌಚದ ಅನುಕೂಲ, ಇವಿಷ್ಟನ್ನು ಸಮಾಜದವರು ವಹಿಸಿಕೊಂಡರೆ ಕಾಲೇಜಿನವರಿಗೆ ಅರ್ಧ ತೊಂದರೆ ತಪ್ಪುತ್ತದೆ. ಮನೆಗಳನ್ನು ಹಂಚುವಾಗ ನಮ್ಮ ಓಣಿಯ ಮನೆಗಳಷ್ಟೇ ಅಲ್ಲ, ಊರ ಹೊರಗಿನ ವಾಡಾಗಳೂ, ಕಬ್ಬು ಕಡಿಯಲು ಹೋಗಿ ಆರು ತಿಂಗಳಿಗೆ ಮರಳುವವರ ಮನೆಗಳೂ ಪಟ್ಟಿಯಲ್ಲಿರುವಂತೆ ನೋಡಿಕೊಳ್ಳಬೇಕು. ಕನ್ನಡ ಬಲ್ಲ ಒಬ್ಬ ಆಶಾ ಕಾರ್ಯಕರ್ತೆಯನ್ನೋ ಶಾಲೆಯ ಮಾಸ್ತರರನ್ನೋ ಮೊದಲ ಕೆಲವು ಭೇಟಿಗಳಿಗೆ ಜೊತೆಗೆ ಕಳಿಸುವುದು ಒಳ್ಳೆಯದು. ಕಬ್ಬಿನವರು ದೀಪಾವಳಿ ಮುಗಿದ ಕೂಡಲೇ ಗಾಡಿ ಹೂಡುತ್ತಾರಾದ್ದರಿಂದ, ಮೊದಲ ಭೇಟಿ ಅದಕ್ಕಿಂತ ಮುಂಚೆಯೇ ಆಗುವಂತೆ ಪತ್ರದಲ್ಲಿ ಕಾಣಿಸತಕ್ಕದ್ದು.